ಮಾಜಿ ಸೈನಿಕರ ಮನೆ ಉಳಿಸುವ ಚಿಕಿತ್ಸೆ

(ಆಸ್ಪತ್ರೆಯ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣ)



ಇಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕಣ್ಣಿನ ಪೊರೆ ಇವುಗಳ ಬಗ್ಗೆ ಮಾತನಾಡುವುದು ವಾಡಿಕೆ. ಇವತ್ತು ವಕೀಲರ ವಿಷಯ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಆದರೆ ವಾಸಿಯಾದ ರೋಗಿ ಹೋಗಿ ಮಲಗಲು ಒಂದು ಮನೆ ಬೇಡವೇ? ಗಡಿ ಕಾಯ್ದು ಬಂದವರ ವಿಷಯದಲ್ಲಂತೂ ಈ ಪ್ರಶ್ನೆ ಇನ್ನೂ ದೊಡ್ಡದು.

ಅಮೆರಿಕದ ಬೋಸ್ಟನ್ ನಗರದ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ದಮ್ಮಿನ ಮಕ್ಕಳು ಔಷಧಿ ಪಡೆದು ಹೋಗಿ ಮತ್ತೆ ಮತ್ತೆ ಬರುತ್ತಿದ್ದರು. ಕಾರಣ, ಬಾಡಿಗೆ ಮನೆಯ ಗೋಡೆಯ ತೇವ ಮತ್ತು ಬೂಷ್ಟು. ಅದಕ್ಕೆ ಗುಳಿಗೆ ಇಲ್ಲವಲ್ಲ! 1993ರಲ್ಲಿ ಅಲ್ಲಿನ ಮಕ್ಕಳ ವೈದ್ಯರು ಆಸ್ಪತ್ರೆಯಲ್ಲೇ ವಕೀಲರನ್ನು ಇಟ್ಟುಕೊಂಡರು. ಈ ಪದ್ಧತಿ ಮುಂದೆ ಆ ದೇಶದ ಮಾಜಿ ಸೈನಿಕರ ಆಸ್ಪತ್ರೆಗಳಿಗೂ ಬಂತು.

ಅಲ್ಲಿ 2010ರಲ್ಲಿ ಒಂದು ರಾತ್ರಿ ಎಣಿಸಿದಾಗ ಸುಮಾರು 74 ಸಾವಿರ ಮಾಜಿ ಸೈನಿಕರಿಗೆ ಇರಲು ಮನೆಯೇ ಇರಲಿಲ್ಲ. ಶ್ರೀಮಂತ ದೇಶದ ಸೈನಿಕ ಬೀದಿಗೆ ಬೀಳುವುದು ಹೇಗೆ? ಒಂದೇ ದಿನದಲ್ಲಿ ಅಲ್ಲ. ಯುದ್ಧದ ಆಘಾತದಿಂದ ನಿದ್ದೆ ಹೋಗುತ್ತದೆ, ಕೋಪ ಬರುತ್ತದೆ, ಕುಡಿತ ಅಂಟುತ್ತದೆ. ಶಿಸ್ತು ತಪ್ಪಿದನೆಂದು ಬಿಡುಗಡೆ ಪತ್ರದಲ್ಲಿ ಕೆಟ್ಟ ಷರಾ ಬೀಳುತ್ತದೆ. ಆ ಷರಾ ಇದ್ದವನಿಗೆ ಸರ್ಕಾರದ ಸೌಲಭ್ಯ ಸಿಗುವುದು ಕಷ್ಟ. ಬಾಡಿಗೆ ಬಾಕಿ ಉಳಿಯುತ್ತದೆ, ಮಾಲೀಕನ ನೋಟೀಸು ಬರುತ್ತದೆ. ಮನಸ್ಸು ಕುಗ್ಗಿದವನು ಲಕೋಟೆ ಒಡೆದೂ ನೋಡುವುದಿಲ್ಲ. ಕೋರ್ಟಿಗೆ ಹೋಗದ ಕಾರಣ ತೀರ್ಪು ಅವನಿಗೆ ವಿರುದ್ಧವಾಗುತ್ತದೆ. ಇಲ್ಲಿ ವೈದ್ಯರೊಬ್ಬರೇ ಏನು ಮಾಡಿಯಾರು? ಷರಾ ತಿದ್ದಿಸುವುದು, ನೋಟೀಸಿಗೆ ಉತ್ತರ ಕೊಡುವುದು ವಕೀಲರ ಕೆಲಸ. ಆದರೆ ಅವನ ನಡತೆಗೆ ರೋಗವೇ ಕಾರಣವೆಂದು ತೋರಿಸಲು ವಕೀಲರಿಗೆ ವೈದ್ಯರ ಬರಹವೇ ಆಧಾರ. ಆದ್ದರಿಂದಲೇ ಇಬ್ಬರೂ ಒಂದೇ ಸೂರಿನಡಿ ಇರಬೇಕು.

ಕನೆಕ್ಟಿಕಟ್ ಮತ್ತು ನ್ಯೂಯಾರ್ಕ್ ರಾಜ್ಯಗಳ ಇಂತಹ ನಾಲ್ಕು ಕೇಂದ್ರಗಳು 2014ರಿಂದ 2016ರವರೆಗೆ 950 ಮಾಜಿ ಸೈನಿಕರ 1,384 ಸಮಸ್ಯೆಗಳನ್ನು ಕೈಗೆತ್ತಿಕೊಂಡವು. ಒಂದೊಂದಕ್ಕೂ ವಕೀಲರಿಗೆ ಸರಾಸರಿ ಹಿಡಿದ ಸಮಯ 5.4 ಗಂಟೆ. ಓಪಿಡಿಯಲ್ಲಿ ನೀವು ಕೆಲವೊಮ್ಮೆ ಅಷ್ಟು ಹೊತ್ತು ಕುಳಿತಿದ್ದೀರಿ! ಅವರಲ್ಲಿ 148 ಮಂದಿಯನ್ನು ಒಂದು ವರ್ಷ ಗಮನಿಸಿದಾಗ ವಸತಿ, ಆದಾಯ, ಮನಸ್ಸಿನ ಆರೋಗ್ಯ ಮೂರೂ ಸುಧಾರಿಸಿದ್ದವು. 2024ರ ಎಣಿಕೆಯಲ್ಲಿ ಮನೆಯಿಲ್ಲದ ಮಾಜಿ ಸೈನಿಕರು ಸುಮಾರು 33 ಸಾವಿರಕ್ಕೆ ಇಳಿದಿದ್ದರು. ಇದೆಲ್ಲ ವಕೀಲರಿಂದಲೇ ಆಯಿತೆನ್ನಲಾಗದು, ಬಾಡಿಗೆಗೆ ಸರ್ಕಾರ ಕೊಟ್ಟ ನೆರವಿನ ಪಾಲು ದೊಡ್ಡದು.

ನಮ್ಮ ಕಡೆ ಮನೆ ಕೈಬಿಡುವ ದಾರಿ ಬೇರೆ. ಅದು ಎಷ್ಟೋ ಸಲ ಹಾಸಿಗೆಯ ಪಕ್ಕದಲ್ಲೇ ಶುರುವಾಗುತ್ತದೆ. "ಅಪ್ಪಾ, ಆಪರೇಷನ್ನಿಗೆ ಮುಂಚೆ ಮನೆ ನನ್ನ ಹೆಸರಿಗೆ ಮಾಡಿಬಿಡು" ಎಂಬ ಮಾತು ಕೇಳಿಬರುತ್ತದೆ. ಮಕ್ಕಳೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಆದರೆ ಉಯಿಲನ್ನು ಬದುಕಿರುವವರೆಗೆ ಬದಲಿಸಬಹುದು, ನೋಂದಣಿಯಾದ ದಾನಪತ್ರವನ್ನು ಹಾಗೆ ಬದಲಿಸಲಾಗದು. ಕೊಡಲೇಬೇಕೆಂದಿದ್ದರೆ, ನಮ್ಮನ್ನು ಕೊನೆಯವರೆಗೆ ನೋಡಿಕೊಳ್ಳಬೇಕು ಎಂಬ ಷರತ್ತನ್ನು ಆ ಪತ್ರದಲ್ಲೇ ಬರೆಸಿ. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಮಿನ ಪ್ರಕಾರ, ಷರತ್ತು ಮುರಿದರೆ ಉಪವಿಭಾಗಾಧಿಕಾರಿಗಳ, ಅಂದರೆ ಎಸಿ ಸಾಹೇಬರ, ನ್ಯಾಯಮಂಡಳಿಯಲ್ಲಿ ಅದನ್ನು ರದ್ದು ಮಾಡಿಸಬಹುದು. ಷರತ್ತಿಲ್ಲದೆ ಬರಿಯ ಪ್ರೀತಿಯಿಂದ ಕೊಟ್ಟದ್ದಕ್ಕೆ ಈ ಕಲಮು ಒದಗದು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ರದ್ದಾದ ಮೇಲೆ ಮನೆಯ ಸ್ವಾಧೀನವನ್ನೂ ನ್ಯಾಯಮಂಡಳಿ ಕೊಡಿಸಬಹುದೆಂದು 2025ರಲ್ಲಿ ಹೇಳಿತು. 60 ವರ್ಷ ತುಂಬಿದ ಯಾರಿಗೂ ಈ ಕಾಯ್ದೆ ಅನ್ವಯಿಸುತ್ತದೆ, ಸೈನಿಕರಿಗೆ ಮಾತ್ರವಲ್ಲ.

ಸೈನಿಕರಿಗೂ ಅವರ ಕುಟುಂಬಕ್ಕೂ ಮೀಸಲಾದ ನೆರವೂ ಈಗ ಇದೆ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು 2025ರ ಜುಲೈ 26ರಂದು ವೀರ ಪರಿವಾರ ಸಹಾಯತಾ ಯೋಜನೆಯನ್ನು ಆರಂಭಿಸಿತು. ಸೈನಿಕ ಮಂಡಳಿಗಳಲ್ಲೇ ಕಾನೂನು ನೆರವಿನ ಕೇಂದ್ರ ತೆರೆಯುವುದು ಅದರ ಉದ್ದೇಶ. ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೂ ಹೋಗಬಹುದು. ಹೋಗಲಾಗದವರು 15100 ಸಂಖ್ಯೆಗೆ ಫೋನು ಮಾಡಿ.

ಆರೈಕೆಗೆ ಬಂದವರಿಗೆ ಇನ್ನೆರಡು ಮಾತು. ಹಾಸಿಗೆ ಹಿಡಿದವರು ವರ್ಷದ ಜೀವಿತ ಪ್ರಮಾಣ ಪತ್ರ ಕೊಡುವುದನ್ನು ಮರೆತರೆ ಪಿಂಚಣಿ ನಿಲ್ಲುತ್ತದೆ. ಪಿಂಚಣಿ ನಿಂತರೆ ಬಾಡಿಗೆಯೂ, ಮನೆ ಸಾಲದ ಕಂತೂ ನಿಲ್ಲುತ್ತವೆ. ಈಗ ಮೊಬೈಲಿನಲ್ಲಿ ಮುಖ ತೋರಿಸಿ, ಮಲಗಿದಲ್ಲಿಂದಲೇ ಅದನ್ನು ಕೊಡಬಹುದು. ಹಾಗೆಯೇ ಊರಿಗೆ ಹೋದಾಗ ಟ್ರಂಕು ತೆಗೆದು ಡಿಸ್ಚಾರ್ಜ್ ಬುಕ್ಕು, ಪಿಂಚಣಿ ಆದೇಶ ಎರಡನ್ನೂ ನೋಡಿ. ಹೆಂಡತಿಯ ಹೆಸರು, ಹುಟ್ಟಿದ ತಾರೀಖು ಅದರಲ್ಲಿಯೂ ಆಧಾರ್ ಕಾರ್ಡಿನಲ್ಲಿಯೂ ಒಂದೇ ಇವೆಯೇ? ಇಲ್ಲವಾದರೆ ಯಜಮಾನರು ಇರುವಾಗಲೇ ತಿದ್ದಿಸಿಕೊಳ್ಳಿ. ಅವರ ನಂತರ ಕುಟುಂಬ ಪಿಂಚಣಿಗಾಗಿ ಆ ತಾಯಿ ಒಬ್ಬರೇ ಕಚೇರಿಗೆ ಅಲೆಯಬೇಕಾಗುತ್ತದೆ.