ಬರೆಯುವ ಕೈ, ಬಾಗಿಲು ಕಾಯುವ ಕೈ
(ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ಗಿರಣಿಯಲ್ಲಿ ದುಡಿಯುವವರ, ಅಂಗಡಿ ನಡೆಸುವವರ ಮುಂದೆ ಚಿತ್ರಕಲೆಯ ಮಾತೇಕೆ ಎಂದು ಕೆಲವರು ಕೇಳಿದರು. ಕಾರಣವಿದೆ. ಮಗ್ಗದ ಮೇಲೆ ಯಾವ ಅಂಚು, ಯಾವ ಬಣ್ಣ ಬರಬೇಕೆಂಬುದನ್ನು ನೇಕಾರನಿಗಿಂತ ಮೊದಲು ಕೊಳ್ಳುವ ಸಾಹುಕಾರ ತೀರ್ಮಾನಿಸುತ್ತಾನೆ. ಇದನ್ನು ನಾವು ಬಲ್ಲೆವು. ಚಿತ್ರಕಾರನ ಕೋಣೆಯಲ್ಲಿ ನಡೆಯುವುದೂ ಇದೇ.

19ನೆಯ ಶತಮಾನದ ಪ್ಯಾರಿಸ್ ನಗರವನ್ನು ನೋಡೋಣ. ಅಲ್ಲಿ ಚಿತ್ರಕಾರನ ಹೊಟ್ಟೆಪಾಡು ‘ಸಲೋನ್’ ಎಂಬ ಸರ್ಕಾರಿ ಪ್ರದರ್ಶನವನ್ನು ನಂಬಿತ್ತು. ಆಯ್ಕೆ ಸಮಿತಿ ಒಪ್ಪಿದರೆ ಗಿರಾಕಿ ಉಂಟು, ಒಪ್ಪದಿದ್ದರೆ ಇಲ್ಲ. ಗೋಡೆಯ ತುಂಬ, ಸೂರಿನವರೆಗೆ, ಒತ್ತೊತ್ತಾಗಿ ಚಿತ್ರಗಳನ್ನು ತೂಗುಹಾಕುತ್ತಿದ್ದರು. ಮೇಲಿದ್ದುದು ಕಣ್ಣಿಗೆ ಬೀಳಬೇಕಾದರೆ ದೊಡ್ಡದಾಗಿರಬೇಕು. ಆದುದರಿಂದ ದೊಡ್ಡ ಅಳತೆ, ಪುರಾಣದ ವಸ್ತು, ಕುಂಚದ ಗುರುತೇ ಕಾಣದ ನಯ ಇವೇ ರೂಢಿಯಾದವು. 1863ರಲ್ಲಿ ಸಮಿತಿಯು ಬಂದ ಕೃತಿಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಳ್ಳಿಹಾಕಿತು. ಗದ್ದಲವೆದ್ದಿತು. ತಿರಸ್ಕೃತರಿಗೆ ಬೇರೆ ಪ್ರದರ್ಶನ ನಡೆಸಲು ಚಕ್ರವರ್ತಿಯೇ ಅಪ್ಪಣೆ ಕೊಟ್ಟನು.

ಆದರೆ ಅಪ್ಪಣೆಯಿಂದ ತೆರೆದ ಬಾಗಿಲು ಅಪ್ಪಣೆಯಿಂದಲೇ ಮುಚ್ಚುತ್ತದೆ. ಮೊನೆ, ಪಿಸಾರೊ, ದೆಗಾ, ರೆನ್ವಾರ್ ಮುಂತಾದವರು 1873ರ ಕೊನೆಯಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿದರು. ನಿಯಮಗಳಿಗೆ ಮಾದರಿಯೆಂದು ಪಿಸಾರೊ ಮುಂದಿಟ್ಟದ್ದು ಯಾವುದು ಬಲ್ಲಿರಾ? ಬೇಕರಿಯವರ ಸಂಘದ ನಿಯಮಾವಳಿ! ವರ್ಷದ ವಂತಿಗೆ 60 ಫ್ರಾಂಕ್. 1874ರ ಏಪ್ರಿಲ್ 15ರಂದು, ಛಾಯಾಗ್ರಾಹಕ ನಾದಾರನ ಹಳೆಯ ಸ್ಟುಡಿಯೋದಲ್ಲಿ, ಪ್ರದರ್ಶನ ತೆರೆಯಿತು. ಸರ್ಕಾರದ ಸಮಿತಿ ಇಲ್ಲ, ಬಹುಮಾನವಿಲ್ಲ. ರಾತ್ರಿ 8ರಿಂದ 10ರವರೆಗೂ ಬಾಗಿಲು ತೆರೆದಿತ್ತು. ಹಗಲು ದುಡಿಯುವವನೂ ಬರಬಹುದಾಗಿತ್ತು. ಬಯಲಿನಲ್ಲಿ ಕುಳಿತು, ಬೆಳಕು ಸರಿಯುವುದರೊಳಗೆ ಬರೆದ ಚಿಕ್ಕ ಚಿತ್ರಕ್ಕೆ ಕಣ್ಣಿನ ಎತ್ತರದಲ್ಲಿ ಗೋಡೆ ಸಿಕ್ಕಿತು. ಅದನ್ನು ಸಮಿತಿಗಾಗಿ ತಿದ್ದಿ ನಯಗೊಳಿಸುವ ಹಂಗು ತಪ್ಪಿತು.

ಲಾಭವಾಯಿತೇ? ಇಲ್ಲ. ಸುಮಾರು 3,500 ಜನ ಬಂದರು. ಹಲವರು ನಕ್ಕು ಹೋದರು. ವರ್ಷದ ಕೊನೆಗೆ ಲೆಕ್ಕ ಮಾಡಿದರೆ ತಲೆಗೆ 184 ಫ್ರಾಂಕಿಗೂ ಮಿಕ್ಕಿ ಬಾಕಿ. ಸಂಘ ಮುಚ್ಚಿತು, ಕೆಲಸ ನಿಲ್ಲಲಿಲ್ಲ. 1886ರವರೆಗೆ ಒಟ್ಟು 8 ಪ್ರದರ್ಶನಗಳಾದವು. ಎಂಟರಲ್ಲೂ ಚಿತ್ರವಿಟ್ಟವನು ಪಿಸಾರೊ ಒಬ್ಬನೇ.

ಇಂದು ಚಿತ್ರಗಳನ್ನು ಆಯ್ದು ಜೋಡಿಸುವವರನ್ನು ಕ್ಯುರೇಟರ್ ಎನ್ನುತ್ತಾರೆ. ಆ ಜಾಣ್ಮೆ ಬೇಡವೆಂದು ನಾವು ಹೇಳುವುದಿಲ್ಲ. ಅಂಗಡಿಯಲ್ಲಿ ಸರಕು ಜೋಡಿಸುವುದೂ ಒಂದು ವಿದ್ಯೆಯೇ. ಆದರೆ ಯಾವುದು ಗೋಡೆಗೆ, ಯಾವುದು ಮೂಲೆಗೆ ಎಂಬ ತೀರ್ಮಾನದಲ್ಲಿ ಬರೆದವನಿಗೂ ಒಂದು ಮತವಿರಬೇಕು. ದುಡಿದವನಿಗೆ ದುಡಿಮೆಯ ಮೇಲೆ ಮಾತಿರಲಿ ಎನ್ನುವ ನಾವು, ಚಿತ್ರಕಾರನನ್ನು ಆ ಸಾಲಿನಿಂದ ಹೊರಗಿಡಲಾರೆವು.