ಊತ ಕಂಡರೆ ಉದಾಸೀನ ಬೇಡ



ಇವತ್ತು ನಾವು ಊತದ ವಿಷಯ ಮಾತಾಡೋಣ.

ಶಿವಗಂಗೆ ಬೆಟ್ಟದ ಕೆಳಗಿರೋ ನಮಗೆ ಕಲ್ಲು, ಮುಳ್ಳು ಹೊಸದಲ್ಲ. ರಾಗಿ ಹೊಲದಲ್ಲಿ ಕಳೆ ಕೀಳುವಾಗ ಕಾಲಿಗೆ ಮುಳ್ಳು ಚುಚ್ಚುತ್ತದೆ. ಮಾರನೇ ದಿನ ಆ ಜಾಗ ಕೆಂಪಾಗುತ್ತದೆ. ಮುಟ್ಟಿದರೆ ಬಿಸಿ. ಊದಿಕೊಳ್ಳುತ್ತದೆ. ನೋಯುತ್ತದೆ. ಇದನ್ನೇ ಡಾಕ್ಟರು ಉರಿಯೂತ ಅನ್ನುತ್ತಾರೆ. ಈ ನಾಲ್ಕು ಗುರುತುಗಳನ್ನು ಸುಮಾರು 2000 ವರ್ಷಗಳ ಹಿಂದೆಯೇ ರೋಮ್‌ನ ಸೆಲ್ಸಸ್ ಎಂಬುವನು ಬರೆದಿಟ್ಟಿದ್ದಾನೆ.

ಊತ ಯಾಕೆ ಬರುತ್ತದೆ? ಮುಳ್ಳಿನ ಜೊತೆ ಕಣ್ಣಿಗೆ ಕಾಣದ ರೋಗಾಣುಗಳು ಒಳಗೆ ಹೋಗುತ್ತವೆ. ಆಗ ಅಲ್ಲಿಗೆ ರಕ್ತ ಹೆಚ್ಚಾಗಿ ಹರಿಯುತ್ತದೆ. ಅದಕ್ಕೇ ಕೆಂಪು, ಅದಕ್ಕೇ ಬಿಸಿ. ರಕ್ತನಾಳದಿಂದ ನೀರು ಒಸರುತ್ತದೆ. ಅದೇ ಊತ. ರಕ್ತದ ಬಿಳಿ ಕಣಗಳು ಬಂದು ರೋಗಾಣುಗಳ ಮೇಲೆ ಬೀಳುತ್ತವೆ. ಊರಿಗೆ ಕಳ್ಳ ಬಂದರೆ ಜನ ದೊಣ್ಣೆ ಹಿಡಿದು ಓಡಿ ಬರುತ್ತಾರಲ್ಲ, ಹಾಗೆ.

ಕಳ್ಳ ಹೋದ ಮೇಲೆ ಜನ ಮನೆಗೆ ಹೋಗಬೇಕು. ಹೋಗದೆ ದಿನಾ ದೊಣ್ಣೆ ಬೀಸುತ್ತಿದ್ದರೆ? ನಮ್ಮ ಮನೆ ಹೆಂಚೇ ಒಡೆಯುತ್ತದೆ. ಬೇಗ ಇಳಿಯೋ ಊತ ಕಾವಲು. ಇಳಿಯದ ಊತ ಕೇಡು.

ನಮ್ಮ ಬೆಟ್ಟದ ಒಳಕಲ್ಲು ತೀರ್ಥದ ನೀರು ಕಣ್ಣಿಗೆ ಕಾಣದು. ಕೈ ಹಾಕಿ ನೋಡಬೇಕು. ಮೈಯೊಳಗಿನ ಊತವೂ ಹಾಗೆಯೇ.

ಸೌದೆ ಒಲೆಯ ಹೊಗೆಯನ್ನು ದಿನಾ ಕುಡಿದರೆ ಉಸಿರಿನ ನಾಳದೊಳಗೆ ಊತ ನಿಲ್ಲುತ್ತದೆ. ಕೆಮ್ಮು, ಕಫ, ಏದುಸಿರು ಬರುತ್ತದೆ. ಬೆಳಿಗ್ಗೆ ಎದ್ದಾಗ ಒಂದು ಗಂಟೆಗೂ ಹೆಚ್ಚು ಹೊತ್ತು ಬೆರಳು ಬಿಗಿದುಕೊಂಡಿದ್ದರೆ ಕೀಲಿನ ಊತ ಇರಬಹುದು. ಕೀಲುಗಳನ್ನು ಸೊಟ್ಟ ಮಾಡುವ ವಾತರೋಗ ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು. ಬೇಗ ಔಷಧಿ ಶುರು ಮಾಡಿದರೆ ಬೆರಳು ಉಳಿಸಿಕೊಳ್ಳಬಹುದು.

ಸಕ್ಕರೆ ಕಾಯಿಲೆ ಇದ್ದವರಿಗೆ ಕಾಲಿಗೆ ಗಾಯ ಆದರೂ ನೋವು ಗೊತ್ತಾಗದೆ ಇರಬಹುದು. ಗಾಯ ಕೊಳೆತರೆ ಕಾಲನ್ನೇ ತೆಗೆಯಬೇಕಾದೀತು. ಅಂಥವರು ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಬೇಕು. 30 ವರ್ಷ ದಾಟಿದ ಎಲ್ಲರೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಹಾಗಾದರೆ ನಾವು ಏನು ಮಾಡಬೇಕು?

ಗಾಯಕ್ಕೆ ಸಗಣಿ, ಸುಣ್ಣ, ಕಾಫಿಪುಡಿ ಹಾಕಬಾರದು. ಸೋಪು ಹಚ್ಚಿ ಶುದ್ಧ ನೀರಿನಲ್ಲಿ ತೊಳೆಯಬೇಕು. ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ನರ್ಸಮ್ಮನನ್ನು ಕೇಳಬೇಕು. ಊತ ಹರಡಿದರೆ, ಕೀವು ಅಥವಾ ಜ್ವರ ಬಂದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನಾ ನುಂಗಬಾರದು. ಅದರಿಂದ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು.

ಹಸುವಿಗೆ ಕೆಚ್ಚಲು ಬಾವು ಬಂದರೆ ನಾವು ಸುಮ್ಮನಿರುತ್ತೇವೆಯೇ? ಡೈರಿಗೆ ಹಾಲು ಹಾಕೋಕೆ ಆಗದು ಅಂತ ಆವತ್ತೇ ದನದ ಡಾಕ್ಟರನ್ನು ಕರೆಸುತ್ತೇವೆ. ನಮ್ಮ ಕಾಲು ಊದಿದರೆ ಮಾತ್ರ "ಕೆಲಸ ಮುಗೀಲಿ, ನಾಳೆ ನೋಡೋಣ" ಅನ್ನುತ್ತೇವೆ. ಮನೆಯ ಬಂಡಿ ಎಳೆಯೋ ಕಾಲು ಇದೇ ಅಲ್ಲವೇ? ನಮ್ಮ ಮೈಗೂ ಅಷ್ಟೇ ಬೆಲೆ ಕೊಡೋಣ.