ಅನುಕೂಲ ಎಂದರೆ ಯಾರಿಗೆ?

(ಗೊಟಗೋಡಿಯಲ್ಲಿ ಜಾನಪದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹರೂಪ)



ಪತ್ರಿಕೆಯ ಡೆಸ್ಕಿನಲ್ಲಿ ಕುಳಿತವರನ್ನು ಸುದ್ದಿಗಿಂತ ಹೆಚ್ಚಾಗಿ ಕಾಡುವುದು ವಿಶೇಷಣಗಳು. ಇಂಗ್ಲಿಷಿನಲ್ಲಿ ಬರುವ ಯಾವುದೇ ಸರ್ಕಾರಿ ಪ್ರಕಟಣೆ ನೋಡಿ. ಯೋಜನೆ ಬೆನಿಫಿಷಿಯಲ್, ವಾತಾವರಣ ಕಂಡ್ಯೂಸಿವ್, ಮಾತುಕತೆ ಕನ್‌ಸ್ಟ್ರಕ್ಟಿವ್, ಪ್ರತಿಕ್ರಿಯೆ ಪಾಸಿಟಿವ್, ಅಧಿಕಾರಿಗಳು ಹೆಲ್ಪ್‌ಫುಲ್. ಕನ್ನಡಕ್ಕೆ ಬರುವ ಹೊತ್ತಿಗೆ ಇವಕ್ಕೆಲ್ಲ ‘ಅನುಕೂಲಕರ’, ‘ಪೂರಕ’ ಎಂಬ ಎರಡೇ ಅಂಗಿಗಳನ್ನು ಅದಲುಬದಲು ಮಾಡಿ ತೊಡಿಸುವುದು ವಾಡಿಕೆ. ಅಳತೆ ಯಾರೂ ಕೇಳುವುದಿಲ್ಲ.

ಆದರೆ ಇಂಗ್ಲಿಷಿನಲ್ಲಿ ಈ ಪದಗಳಿಗೆ ಬೇರೆ ಬೇರೆ ಮನೆಗಳಿವೆ. ಬೆನಿಫಿಷಿಯಲ್ ಎಂಬುದು ಲ್ಯಾಟಿನ್ನಿನ ‘ಒಳಿತು ಮಾಡು’ ಎಂಬುದರಿಂದ ಬಂತು. ಕಂಡ್ಯೂಸಿವ್ ಎಂದರೆ ಒಂದು ಕಡೆಗೆ ಕರೆದೊಯ್ಯುವಂಥದ್ದು. ಸ್ಯಾಲ್ಯುಟರಿ ಎಂಬುದರ ಬೇರಿನಲ್ಲಿ ಆರೋಗ್ಯವಿದೆ. ಅದಕ್ಕೇ ಕಹಿ ಪಾಠವನ್ನೂ ಅವರು ಸ್ಯಾಲ್ಯುಟರಿ ಎನ್ನುತ್ತಾರೆ. ನಾವು ಕಷಾಯವನ್ನು ಹಿತ ಎಂದಂತೆ.

ನಮ್ಮ ‘ಅನುಕೂಲ’ದ ಕಥೆಯೂ ಸ್ವಾರಸ್ಯದ್ದೇ. ಸಂಸ್ಕೃತದಲ್ಲಿ ‘ಕೂಲ’ ಎಂದರೆ ನದಿಯ ದಡ. ದಡವನ್ನು ಅನುಸರಿಸಿದ್ದು ಅನುಕೂಲ, ಅದಕ್ಕೆ ಎದುರಾದದ್ದು ಪ್ರತಿಕೂಲ. ಇಂಗ್ಲಿಷಿನ ಆಪರ್ಚೂನ್ ಎಂಬ ಪದವೂ ನೀರಿನಿಂದಲೇ ಎದ್ದು ಬಂದಿದೆ: ಹಡಗನ್ನು ಬಂದರಿನ ಕಡೆಗೆ ತಳ್ಳುವ ಗಾಳಿ ಅದು. ಮುಂದೆ 19ನೆಯ ಶತಮಾನದ ಯುರೋಪಿನ ರಾಜಕೀಯದಲ್ಲಿ ಅದೇ ಪದ ಆಪರ್ಚುನಿಸಂ ಆಗಿ ಕೆಟ್ಟಿತು. ನಮ್ಮವರೂ ಹಿಂದೆ ಬೀಳಲಿಲ್ಲ. ಧರ್ಮಸಿಂಧು, ನಿರ್ಣಯಸಿಂಧು ಎಂಬ ಶಾಸ್ತ್ರಗ್ರಂಥಗಳ ಧಾಟಿಯಲ್ಲೇ ‘ಅನುಕೂಲಸಿಂಧು’ ಎಂಬ ಕುಹಕದ ಮಾತನ್ನು ಕಟ್ಟಿಕೊಂಡರು. ಚುನಾವಣೆ ಬಂದರೆ ನಮ್ಮ ಪುಟಗಳಲ್ಲಿ ಅದಕ್ಕೆ ಬಿಡುವೇ ಇರುವುದಿಲ್ಲ.

‘ರಚನಾತ್ಮಕ’ ಎಂಬ ಪದಕ್ಕೆ ಒಂದು ಕಾಲದಲ್ಲಿ ತೂಕವಿತ್ತು. ಗಾಂಧೀಜಿ 1941ರಲ್ಲಿ ರಚನಾತ್ಮಕ ಕಾರ್ಯಕ್ರಮದ ಮೇಲೆ ಒಂದು ಕಿರುಹೊತ್ತಿಗೆಯನ್ನೇ ಬರೆದರು. ಖಾದಿ, ಗ್ರಾಮೋದ್ಯೋಗ, ಅಸ್ಪೃಶ್ಯತೆಯ ನಿವಾರಣೆ, ಕೋಮು ಸೌಹಾರ್ದ ಅದರಲ್ಲಿದ್ದವು. ಇದೇ ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹದೇವ 1930ರ ದಂಡಿಯಾತ್ರೆಯಲ್ಲಿ ನಡೆದು ಬಂದವರು. ಊರಿನ ಕಡೆ ಖಾದಿ ಮತ್ತು ಗ್ರಾಮಸೇವೆಯ ಕೆಲಸ ಹಿಡಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಅವರ ಕಾಲದಲ್ಲಿ ಆ ವಿಶೇಷಣದ ಹಿಂದೆ ಚರಕವಿತ್ತು. ಈಗ ‘ರಚನಾತ್ಮಕ ಟೀಕೆ ಮಾಡಿ’ ಎಂದು ಮಂತ್ರಿಗಳು ಹೇಳಿದರೆ, ಬಹುಪಾಲು ‘ಟೀಕೆ ಮಾಡಬೇಡಿ’ ಎಂದೇ ಅರ್ಥ.

‘ಪಾಸಿಟಿವ್’ ಪಾಡು ಇನ್ನೂ ವಿಚಿತ್ರ. ಧನಾತ್ಮಕ, ಸಕಾರಾತ್ಮಕ, ಇತ್ಯಾತ್ಮಕ ಎಂದೆಲ್ಲ ಪಂಡಿತರು ಕನ್ನಡ ರೂಪ ಹುಡುಕಿದರು. 2020ರಲ್ಲಿ ಕೊರೊನಾ ಬಂದದ್ದೇ ತಡ, ಪಾಸಿಟಿವ್ ಎಂದರೆ ಹಳ್ಳಿ ಹಳ್ಳಿಯಲ್ಲೂ ಜನ ಬೆಚ್ಚಿಬೀಳುವಂತಾಯಿತು.

ಇನ್ನು ನನಗೆ ಮುಖ್ಯವೆನಿಸಿದ ಸಂಗತಿ. ಕನ್ನಡದಲ್ಲಿ ಅಚ್ಚ ವಿಶೇಷಣಗಳು ಕಡಿಮೆ: ಹೊಸ, ಹಳೆ, ಒಳ್ಳೆ, ಹಿರಿ, ಕಿರಿ, ಹೀಗೆ. ಉಳಿದದ್ದನ್ನು ನಾವು ಬಹಳ ಮಟ್ಟಿಗೆ ಕ್ರಿಯಾಪದದಿಂದ ಕಟ್ಟಿಕೊಳ್ಳುತ್ತೇವೆ: ನೆರವಾಗುವ, ಒದಗುವ, ಒಗ್ಗುವ, ಆಗಿಬರುವ. ವಿಶೇಷಣದ ಬಗ್ಗೆಯೇ 1994ರಲ್ಲಿ ಇಂಗ್ಲಿಷಿನಲ್ಲೊಂದು ಪುಸ್ತಕ ಬರೆದ ಡಿ.ಎನ್. ಶಂಕರ ಭಟ್ಟರು, ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿದ್ದು ನಿಮಗೆ ಗೊತ್ತಿದೆ. ಈ ಕ್ರಿಯಾಪದಗಳ ಗುಣವೇನೆಂದರೆ, ಅವು ಸುಮ್ಮನೆ ಕೂರುವುದಿಲ್ಲ; ‘ಯಾರಿಗೆ?’ ಎಂದು ಕೇಳುತ್ತವೆ. ‘ಈ ಊರ ನೀರು ಆಗಿಬರಲಿಲ್ಲ’ ಎಂದರೆ, ಯಾರಿಗೆ ಎಂಬುದು ಜತೆಗೇ ಬರಬೇಕು.

‘ಹೆದ್ದಾರಿ ಅಗಲೀಕರಣ ಅನುಕೂಲಕರ’ ಎಂಬ ತಲೆಬರಹ ನೋಡಿ. ನಿಮ್ಮ ಊರ ಬದಿಯಲ್ಲೇ ಪುಣೆ-ಬೆಂಗಳೂರು ಹೆದ್ದಾರಿ ಓಡುತ್ತದೆ. ಲಾರಿ ಮಾಲೀಕನಿಗೆ ಅನುಕೂಲವೇ, ಬಸ್ಸಿನಲ್ಲಿ ಹೋಗುವವರಿಗೆ ಅನುಕೂಲವೇ, ರಸ್ತೆ ಬದಿಯ ಹೊಲ ಬಿಟ್ಟುಕೊಟ್ಟವನಿಗೆ ಅನುಕೂಲವೇ? ತಲೆಬರಹದಲ್ಲಿ ಆ ಮೂವರೂ ಇಲ್ಲ. ‘ಲಾರಿಗಳಿಗೆ ನೆರವಾಗುವ ರಸ್ತೆ’ ಎಂದು ಬರೆದರೆ ಓದುಗರು ತಾವಾಗಿಯೇ ಉಳಿದವರ ಪಾಡೇನು ಎಂದು ಕೇಳುತ್ತಾರೆ. ವರದಿಗಾರನಿಗೆ ಇದು ವ್ಯಾಕರಣದ ಮಾತಷ್ಟೇ ಅಲ್ಲ. ಪರಿಹಾರ ಸಿಕ್ಕಿತೋ ಇಲ್ಲವೋ ಎಂದು ವಿಚಾರಿಸಲು ಅವನು ಹೊಲಕ್ಕೆ ಹೋಗಬೇಕಾಗುತ್ತದೆ.

2011ರಲ್ಲಿ ಇಲ್ಲಿ ಜಾನಪದ ವಿಶ್ವವಿದ್ಯಾಲಯ ಆರಂಭವಾಯಿತು. ನೀವು ಹಾಡು, ಕಥೆ, ಗಾದೆಗಳನ್ನು ಕಲೆಹಾಕುತ್ತೀರಿ. ಈ ಸಣ್ಣ ಪದಗಳನ್ನೂ ಕಲೆಹಾಕಬೇಕು. ನಮ್ಮ ಭಾಗದಲ್ಲಿ ‘ಅದಕ್ಕಿಂತ ಇದು ಪಾಡ’ ಎನ್ನುತ್ತಾರೆ. ಪೂರ್ತಿ ಒಳ್ಳೆಯದಲ್ಲ, ಇದ್ದುದರಲ್ಲಿ ಮೇಲು ಎಂಬ ಅಳತೆ ಅದರಲ್ಲಿದೆ. ಬರದ ವರ್ಷ ಬರುವ ಅರೆಬರೆ ಪರಿಹಾರಕ್ಕೆ ಇದಕ್ಕಿಂತ ಸರಿಯಾದ ಮಾತು ನನಗೆ ಸಿಕ್ಕಿಲ್ಲ. ಇನ್ನು ‘ಹದ’. ಬಿತ್ತನೆಗೆ ಮಣ್ಣು ಹದಕ್ಕೆ ಬರಬೇಕು, ಮಳೆ ಹದವಾಗಿ ಆಗಬೇಕು. ಕುಡಗೋಲಿಗೆ ಕಮ್ಮಾರ ಹದ ಕೊಡಬೇಕು. ಕಂಡ್ಯೂಸಿವ್ ಎಂಬ ಪದವನ್ನು ಎದುರಿಗಿಟ್ಟುಕೊಂಡು ತಲೆ ಕೆರೆದುಕೊಳ್ಳುವಾಗ ಈ ಎರಡಕ್ಷರದ ಪದ ನಮಗೆ ಹೊಳೆಯುವುದೇ ಇಲ್ಲ. ಹಾನಗಲ್ಲಿನ ಭತ್ತದ ಗದ್ದೆಗೆ ಬೇಕಾದ ಹದ, ಸವಣೂರಿನ ಎರೆಹೊಲಕ್ಕೆ ಬೇಕಾದ ಹದ ಬೇರೆ ಬೇರೆ. ಯಾವುದು ಯಾವಾಗ ಬರುತ್ತದೆಂಬುದನ್ನು ಅಲ್ಲಿಯ ರೈತರನ್ನು ಕೇಳಿ ಬರೆದುಕೊಳ್ಳಿ.